ಕಿಟಕಿಯಿಂದ ಹೋದ ಬಿಸಿ

ಗೆರ್ಲಿಂಡೆ ತನಗೆ ಬೇಕಾದ ಹೊತ್ತಿನಲ್ಲಿ ಬಟ್ಟೆಗೆ ಇಸ್ತ್ರಿ ಹಾಕಿ ವರ್ಷಗಳೇ ಆಗಿದ್ದವು. ನೆಲಮಾಳಿಗೆಯ ಯಂತ್ರ ಯಾವಾಗ ಓಡುತ್ತದೋ ಆಗ ಇಸ್ತ್ರಿ. ಆಗಲೇ ಒಗೆತ. ಆಗಲೇ ಕೇಕು. ಯಂತ್ರ ನಿಂತಿದ್ದರೆ ಕೈ ಕಟ್ಟಿಕೊಂಡು ಕೂರಬೇಕು.

“ಗೆರ್ಲಿಂಡೆ! ಶುರುವಾಯ್ತು ಕಣೇ! ಇಸ್ತ್ರಿಪೆಟ್ಟಿಗೆ ಹಚ್ಚು!” ಎಂದು ಅವಳ ಗಂಡ ಲೋಥಾರ್ ಕೆಳಗಿನಿಂದ ಕೂಗುತ್ತಿದ್ದ.

“ಈಗ ತಾನೇ ಸೂಪಿಗೆ ಕೂತಿದೀನಿ.”

“ಸೂಪು ತಣ್ಣಗಾದ್ರೆ ಮತ್ತೆ ಬಿಸಿ ಮಾಡ್ಕೋಬಹುದು. ಇದು ನಿಂತ್ರೆ ಇನ್ನು ಸಂಜೆಗೇ. ಏಳು, ಏಳು.”

ಅವಳು ಏಳುತ್ತಿದ್ದಳು. ಚಮಚ ತಟ್ಟೆಯಲ್ಲೇ ಇರುತ್ತಿತ್ತು.

ಯಂತ್ರ ಎಂದರೆ ಬಾಯ್ಲರೇ. ಹಾರ್ಜ್ ಬೆಟ್ಟದ ಬುಡದ ಆ ಚಳಿಯ ಊರಿನಲ್ಲಿ ಕೋಣೆ ಬೆಚ್ಚಗಿಡುವ ಬಾಯ್ಲರ್ ಇಲ್ಲದ ಮನೆ ಇಲ್ಲ. ಆದರೆ ಇದರ ಹೊಟ್ಟೆಯಲ್ಲಿ ಒಂದು ಸಣ್ಣ ಎಂಜಿನ್ ಇತ್ತು. ಅದು ಗ್ಯಾಸ್ ಕುಡಿದು ಓಡುವುದು. ಓಡಿದಾಗ ಮನೆಗೆ ಬಿಸಿ ಬರುವುದು, ಜೊತೆಗೆ ಕರೆಂಟೂ ಹುಟ್ಟುವುದು. ಆ ಹೊತ್ತಿನಲ್ಲಿ ಇಸ್ತ್ರಿ, ಒಗೆತಕ್ಕೆ ಕೊಂಡ ಕರೆಂಟು ಬೇಡ; ಮಿಕ್ಕಿದ ಕರೆಂಟನ್ನು ಬೀದಿಯ ತಂತಿಗೆ ಬಿಡಬಹುದು. ಮನೆಯಲ್ಲೇ ಕರೆಂಟು ಮಾಡಿದವರಿಗೆ ಯೂನಿಟ್ಟಿಗೆ ಇಷ್ಟು ಎಂದು ಸರ್ಕಾರ ಸಹಾಯಧನ ಕೊಡುತ್ತೇನೆ ಎಂದಿತು. ಲೋಥಾರ್ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಕಟ್ಟಿ ಮುದುಕನಾದವನು. ನೆಲಮಾಳಿಗೆಯಲ್ಲಿ ತನ್ನದೇ ಒಂದು ಎಂಜಿನ್, ಅದು ಓಡಿದರೆ ಸರ್ಕಾರದ ದುಡ್ಡು. ಅವನಿಗೆ ಇನ್ನೇನು ಬೇಕು? ಚೆನ್ನಾಗಿಯೇ ಇದ್ದ ಹಳೆಯ ಎಣ್ಣೆ ಬಾಯ್ಲರನ್ನು ಕಿತ್ತೆಸೆದು ಇದನ್ನು ತಂದು ಕೂರಿಸಿದ. ಆ ಬೀದಿಯಲ್ಲಿ ಅವನೇ ಮೊದಲಿಗ. ಕೊನೆಯವನೂ ಅವನೇ.

ಸರ್ಕಾರ ಒಂದು ಕೈಯಲ್ಲಿ ದುಡ್ಡು ಹಿಡಿದರೆ ಇನ್ನೊಂದು ಕೈಯಲ್ಲಿ ಕೋಲು ಹಿಡಿದಿರುತ್ತದೆ. ಮೀಟರಿಗೆ ಮುದ್ರೆ ಇರಬೇಕು. ವರ್ಷಕ್ಕೊಮ್ಮೆ ಪರವಾನಗಿ ಇದ್ದವನೇ ಬಂದು ಎಂಜಿನ್ ನೋಡಬೇಕು. ಯಾರ ಹೆಸರಿನಲ್ಲಿ ನೋಂದಣಿಯೋ ಅವರೇ ನಡೆಸಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಬಿಸಿ ಪೋಲಾಗಕೂಡದು. ಕರೆಂಟಿಗೆ ದುಡ್ಡು ಕೊಡುವುದೇ ಬಿಸಿಯನ್ನೂ ಮನೆಯೊಳಗೆ ಬಳಸುತ್ತೀರಿ ಎಂದು. ಬಿಸಿಯನ್ನು ಹೊರಗೆ ಚೆಲ್ಲಿ ಬರೀ ಕರೆಂಟು ಮಾಡಿಕೊಂಡರೆ ಅದು ಮೋಸ.

ಲೋಥಾರ್ ಇದನ್ನು ಚರ್ಚಿನ ಪ್ರಾರ್ಥನೆಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದ್ದ. ಅದಾದ ಮೇಲೆ ಆ ಮನೆಯ ಕಿಟಕಿಗಳು ಅವನವಾದವು.

ಆ ಬೀದಿಯಲ್ಲಿ ಬೆಳಗಾದರೆ ಹೆಂಗಸರು ಕಿಟಕಿ ತೆರೆದು ಹಾಸಿಗೆ ಹೊದಿಕೆಯನ್ನು ಚೌಕಟ್ಟಿನ ಮೇಲೆ ಹೊರಚಾಚಿ ಹಾಕುತ್ತಾರೆ. ಹಿಮ ಬೀಳುತ್ತಿರಲಿ, ಏನೇ ಆಗಲಿ. ಹಾಸಿಗೆ ಹೊರಗೆ ಬರದ ಮನೆಯಲ್ಲಿ ಒಂದೋ ರೋಗಿ ಇರಬೇಕು, ಇಲ್ಲ ಸೋಮಾರಿ ಇರಬೇಕು. ಗೆರ್ಲಿಂಡೆಯ ತಾಯಿ ಸಾಯುವ ವಾರದವರೆಗೂ ಹಾಸಿಗೆ ಹೊರಹಾಕಿದವಳು. ಗೆರ್ಲಿಂಡೆ ಕಿಟಕಿಗೆ ಕೈ ಇಟ್ಟರೆ ಸಾಕು, ಕೆಳಗಿನಿಂದ ಕೂಗು ಏಳುತ್ತಿತ್ತು.

“ಮುಚ್ಚೇ! ಊರಿಗೆಲ್ಲಾ ಬಿಸಿ ಹಂಚ್ತೀಯಾ?”

“ಹಾಸಿಗೆ ಮುಗ್ಗುಲು ನಾರ್ತಿದೆ, ಲೋಥಾರ್.”

“ನಾರಲಿ. ಕಾನೂನು ನಾರಬಾರದು.”

ಎದುರು ಮನೆಯ ಉರ್ಸೆಲ್‌ಗೆ ಇದು ಹಬ್ಬ. ಅವಳು ತನ್ನ ಕಿಟಕಿಯಲ್ಲಿ ದಿಂಬು ಬಡಿಯುತ್ತಾ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. “ಏನೇ ಗೆರ್ಲಿಂಡೆ, ನಿಮ್ಮನೆ ಹಾಸಿಗೆ ಬಾಣಂತಿಯೇನೇ? ಹೊರಗೇ ಬರಲ್ಲ!”

“ಹೌದು ಕಣೇ. ತೊಟ್ಟಿಲು ತಗೊಂಡು ಬಾ.”

“ನಿನ್ನ ಸವತಿ ಹೇಗಿದಾಳೆ?”

ಸವತಿ ಎಂದರೆ ನೆಲಮಾಳಿಗೆಯ ಯಂತ್ರ. ಉರ್ಸೆಲ್ ಇಟ್ಟ ಹೆಸರು. ಗೆರ್ಲಿಂಡೆ ನಗುತ್ತಿದ್ದಳು. ಹೆಸರು ಸರಿಯಾಗಿಯೇ ಇತ್ತು. ಗಂಡ ತನ್ನ ಹತ್ತಿರ ಕೂತದ್ದಕ್ಕಿಂತ ಅದರ ಹತ್ತಿರ ಕೂತದ್ದು ಹೆಚ್ಚು. ತನ್ನ ಕೆಮ್ಮು ಅವನಿಗೆ ಕೇಳುತ್ತಿರಲಿಲ್ಲ, ಅದು ಒಮ್ಮೆ ಕೆಮ್ಮಿದರೆ ಬರಿಗಾಲಲ್ಲಿ ಇಳಿದು ಹೋಗುತ್ತಿದ್ದ.

ಅದರ ಸದ್ದು ದೊಡ್ಡದಲ್ಲ. ಗುಂಯ್ ಎಂದು ಒಂದೇ ಸಮ. ಮನೆಯ ಗೋಡೆಯಲ್ಲಿ, ಮಂಚದ ಕಾಲಿನಲ್ಲಿ, ಬೀರುವಿನ ಗಾಜಿನಲ್ಲಿ. ಮೊದಲ ಚಳಿಗಾಲ ಅವಳಿಗೆ ನಿದ್ದೆ ಹತ್ತಲಿಲ್ಲ. ಬೈದಳು, ಅತ್ತಳು, ಕಿವಿಗೆ ಹತ್ತಿ ತುರುಕಿದಳು. ಆಮೇಲೆ ರೂಢಿಯಾಯಿತು. ಗಂಡನ ಗೊರಕೆ ಮೇಲೆ, ಅದರ ಗುಂಯ್ ಕೆಳಗೆ. ಎರಡರ ನಡುವೆ ಅವಳು. ಸಂಸಾರ ಎಂದರೆ ಇದೇ ಇರಬೇಕು ಎಂದುಕೊಂಡಳು.

ವರ್ಷಕ್ಕೊಮ್ಮೆ ಹೊಗೆಗೂಡು ಗುಡಿಸುವ ಹೆನ್ನಿಂಗ್ ಬರುತ್ತಿದ್ದ. ಹೆಸರಿಗೆ ಗುಡಿಸುವವನು. ಕೆಲಸ ಎಲ್ಲರ ಮನೆಯ ಬಾಯ್ಲರಿನ ಹೊಗೆ ಅಳೆದು, ಸರಿ ಇದೆಯೋ ಇಲ್ಲವೋ ಎಂದು ತೀರ್ಪು ಹೇಳುವುದು. ಕರಿ ಬಟ್ಟೆ, ಎದೆಯ ಮೇಲೆ ಹಿತ್ತಾಳೆ ಗುಂಡಿಗಳು. ಅವನ ಗುಂಡಿ ಹಿಡಿದು ತಿರುಗಿಸಿದರೆ ಅದೃಷ್ಟ ಎಂದು ಬೀದಿಯ ಹೆಂಗಸರೆಲ್ಲ ತಿರುಗಿಸುತ್ತಿದ್ದರು. ಅವನೂ ಎದೆ ಚಾಚಿಕೊಂಡೇ ಒಳಗೆ ಬರುತ್ತಿದ್ದ. ಲೋಥಾರ್ ಮಾತ್ರ, “ಗುಂಡಿ ಬಿಡು, ಅಳತೆ ಹೇಳು” ಎನ್ನುತ್ತಿದ್ದ. ಇಬ್ಬರೂ ಒಂದೇ ಶಾಲೆಯವರು. ಒಳ್ಳೆಯ ಸ್ನೇಹ. ಕೆಳಗೆ ಯಂತ್ರದ ಮುಂದೆ ಕೂತು ಬಿಯರ್ ಕುಡಿಯುತ್ತಿದ್ದರು. ಗೆರ್ಲಿಂಡೆಯನ್ನು ಯಾರೂ ಕರೆಯುತ್ತಿರಲಿಲ್ಲ.

ಲೋಥಾರನ ಶ್ವಾಸಕೋಶ ಕೆಟ್ಟಿತು. ಡಿಪೋದಲ್ಲಿ ಬ್ರೇಕಿನ ಧೂಳು ಉಸಿರಾಡಿದ್ದು ಈಗ ಲೆಕ್ಕ ಕೇಳಿತು. ಮೆಟ್ಟಿಲು ಇಳಿಯಲು ಆಗದ ದಿನ ಬಂತು. ಮೇಲಿನ ಕೋಣೆಯಲ್ಲಿ ಮಲಗಿದ. ಮಲಗಿದಲ್ಲಿಂದಲೇ ಕಿವಿ ಕೆಳಗೆ ಇಟ್ಟಿದ್ದ.

“ಓಡ್ತಾ ಇದೆಯಾ?”

“ಓಡ್ತಾ ಇದೆ.”

“ಸದ್ದು ಸ್ವಲ್ಪ ಬೇರೆ ಇದೆ.”

“ನಿನ್ನ ಕಿವಿ ಬೇರೆ ಇದೆ. ಮಲಕ್ಕೋ.”

ಜನವರಿಯಲ್ಲಿ ಒಂದು ಮಧ್ಯಾಹ್ನ ಅವಳು ಅವನ ಮಂಚದ ಪಕ್ಕ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. ಅವನು ಕಣ್ಣು ತೆರೆದ. ಅವಳನ್ನು ನೋಡಲಿಲ್ಲ.

“ಕಿಟಕಿ ಮುಚ್ಚಿದೆಯಾ?” ಎಂದ.

“ಮುಚ್ಚಿದೆ” ಎಂದಳು.

ಅಷ್ಟೇ. ಅದಾದ ಮೇಲೆ ಅವನು ಏನೂ ಕೇಳಲಿಲ್ಲ. ಕೈಯಲ್ಲಿದ್ದ ಆಲೂಗಡ್ಡೆಯನ್ನು ಅವಳು ಪೂರ್ತಿ ಸುಲಿದಳು. ಬೋಗುಣಿಗೆ ಹಾಕಿದಳು. ಆಮೇಲೆ ಅವನ ಕಣ್ಣು ಮುಚ್ಚಿದಳು. ಒಂದು ಹೆಂಗಸು ಒಬ್ಬನ ಜೊತೆ ಇಡೀ ಆಯಸ್ಸು ಕಳೆದರೆ ಕೊನೆಗೆ ಸಿಗುವ ಮಾತು ಇದು. ಕಿಟಕಿ ಮುಚ್ಚಿದೆಯಾ.

ಸತ್ತವರ ಕೋಣೆಯ ಕಿಟಕಿ ತೆರೆಯಬೇಕು. ಜೀವ ಹೋಗಲು ದಾರಿ ಬೇಕು. ಅಲ್ಲಿ ದೇವರನ್ನು ನಂಬದವರೂ ಇದನ್ನು ಮಾಡುತ್ತಾರೆ. ಒಂದು ಗಳಿಗೆ ತೆರೆದು ಮತ್ತೆ ಮುಚ್ಚುತ್ತಾರೆ. ಗೆರ್ಲಿಂಡೆ ತೆರೆದಳು. ಎರಡೂ ಬಾಗಿಲು, ಗೋಡೆಗೆ ತಾಗುವವರೆಗೆ. ಮುಚ್ಚಲಿಲ್ಲ.

ಉರ್ಸೆಲ್ ಓಡಿ ಬಂದಳು. ಅತ್ತಳು, ತಬ್ಬಿಕೊಂಡಳು. ಸಂಜೆಯಾದರೂ ಕಿಟಕಿ ತೆರೆದೇ ಇತ್ತು.

“ಸಾಕು ಕಣೇ, ಮುಚ್ಚು. ಒಳಗೆ ಹಿಮ ಬೀಳ್ತಿದೆ.”

“ಬೀಳಲಿ.”

“ಅವನು ಹೋಗಿ ಆಯ್ತು, ಗೆರ್ಲಿಂಡೆ.”

“ನಿನಗೇನು ಗೊತ್ತು? ಬಿಸಿ ಗಾಳಿನೇ ಹೊರಗೆ ಬಿಡದವನು. ತಾನು ಅಷ್ಟು ಸುಲಭವಾಗಿ ಆಚೆ ಹೋಗ್ತಾನಾ? ಕಿಟಕಿ ಹತ್ರ ನಿಂತು ಯೋಚನೆ ಮಾಡ್ತಿರ್ತಾನೆ. ಟೈಮು ಬೇಕು.”

ಹೆಣ ಒಯ್ದರು. ಕಿಟಕಿ ತೆರೆದೇ ಇತ್ತು. ಮನೆ ತಣ್ಣಗಾಯಿತು. ಮನೆ ತಣ್ಣಗಾಯಿತೆಂದು ಯಂತ್ರ ಓಡಿತು. ಹಗಲೂ ರಾತ್ರಿಯೂ ನಿಲ್ಲದೆ ಓಡಿತು. ಎಷ್ಟು ಓಡಿದರೂ ಮನೆ ಬೆಚ್ಚಗಾಗಲಿಲ್ಲ. ಲೋಥಾರ್ ಬದುಕಿದ್ದಾಗ ಅದು ಎಂದೂ ಅಷ್ಟು ಓಡಿರಲಿಲ್ಲ, ಅಷ್ಟು ಕರೆಂಟು ಹೆತ್ತಿರಲಿಲ್ಲ. ಅದೂ ಅವನನ್ನು ಹುಡುಕುತ್ತಿದೆ ಎಂದು ಗೆರ್ಲಿಂಡೆಗೆ ಅನಿಸಿತು. ಕೋಟು ಹೊದ್ದು ಮಲಗಿ ಅದರ ಸದ್ದು ಕೇಳಿದಳು. ಗೊರಕೆ ಇರಲಿಲ್ಲ. ಗುಂಯ್ ಇತ್ತು.

ಮಣ್ಣು ಮಾಡಿ ಬಂದವರಿಗೆ ಕಾಫಿ ಕೊಟ್ಟರು, ಸಕ್ಕರೆ ಉದುರಿಸಿದ ಕೇಕು ಕೊಟ್ಟರು. ಡಿಪೋದವರೆಲ್ಲ ಬಂದಿದ್ದರು. ಲೋಥಾರ್ ಎಂಥ ಗಂಡಸು, ಎಂಥ ಗಂಡ ಎಂದು ಹೇಳಿದ್ದೇ ಹೇಳಿದ್ದು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಗೆರ್ಲಿಂಡೆ ಕೇಳುತ್ತಾ ಕೂತಳು. ಹೆನ್ನಿಂಗ್ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದ, “ಆ ಕಿಟಕಿ ಮುಚ್ಚು ಮಾರಾಯ್ತಿ. ಮೀಟರ್‌ಗೆ ಅಳು ಗೊತ್ತಾಗಲ್ಲ.”

ಮರುದಿನ ಅವಳೇ ಹೋಗಿ ಮುಚ್ಚಿದಳು.

ಇನ್ನೊಂದು ಕೆಲಸ ಬಾಕಿ ಇತ್ತು. ಯಂತ್ರ ಲೋಥಾರನ ಹೆಸರಿನಲ್ಲಿತ್ತು. ಸತ್ತವನ ಹೆಸರಿನಲ್ಲಿ ಎಂಜಿನ್ ಓಡಕೂಡದು. ಹೆಂಡತಿಯ ಹೆಸರಿಗೆ ಆಗಬೇಕಾದರೆ ಸಹಾಯಧನ ಕೊಡುವ ಕಚೇರಿಯವರು ಬಂದು ನೋಡಬೇಕು. ನಿಯಮದಂತೆ ನಡೆದಿದೆ ಎಂದರೆ ಹೆಸರು ಬದಲಾಗುತ್ತದೆ. ಇಲ್ಲವೆಂದರೆ ಎಂಜಿನ್ನಿಗೆ ಬೀಗಮುದ್ರೆ.

“ಬೀಗ ಬೀಳಲಿ ಬಿಡು” ಎಂದಳು ಉರ್ಸೆಲ್. “ಸವತಿ ಕಾಟ ತಪ್ಪಿತು ಅನ್ನು. ಅದರ ಪಕ್ಕದಲ್ಲಿ ಬರೀ ಬಿಸಿ ಕೊಡೋ ಇನ್ನೊಂದು ಬರ್ನರ್ ಇದೆಯಂತಲ್ಲ, ಮನೆ ಬೆಚ್ಚಗಿರತ್ತೆ.”

“ಬೆಚ್ಚಗಿರತ್ತೆ.”

“ಮತ್ತೇನು? ಆ ದುಡ್ಡಿಗಾ?”

“ದುಡ್ಡು ಯಾರಿಗೆ ಬೇಕು. ಅದು ನಿಂತ್ರೆ ಮನೇಲಿ ಏನೂ ಕೇಳಿಸಲ್ಲ, ಉರ್ಸೆಲ್.”

ಉರ್ಸೆಲ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತಳು.

ಕಚೇರಿಯವರಿಗೆ ಇದನ್ನು ಹೇಳುವಂತಿರಲಿಲ್ಲ. ಕರೆಂಟಿಗೆ ಸಹಾಯಧನ ಇದೆ, ಬಿಸಿಗೆ ನಿಯಮ ಇದೆ. ಸದ್ದಿಗೆ ಏನೂ ಇಲ್ಲ.

ಅವರು ಬರುವ ಹಿಂದಿನ ದಿನ ಹೆನ್ನಿಂಗ್ ಅಡುಗೆಮನೆಯಲ್ಲಿ ಕೂತು ಪಾಠ ಹೇಳಿಕೊಟ್ಟ.

“ನೋಡು ಗೆರ್ಲಿಂಡೆ, ಜನವರಿಯಲ್ಲಿ ಯಾಕೆ ಇಷ್ಟು ಓಡಿದೆ ಅಂತ ಕೇಳೇ ಕೇಳ್ತಾರೆ. ಚಳಿ ಇತ್ತು ಅನ್ನು.”

“ಚಳಿ ಇತ್ತು.”

“ಹಾಂ. ಅಷ್ಟೇ ಸಾಕು. ಸುಳ್ಳೂ ಅಲ್ಲ. ಕಿಟಕಿ ಸುದ್ದಿ ಎತ್ತಬೇಡ.”

“ಬೀದಿಗೆಲ್ಲ ಗೊತ್ತು.”

“ಬೀದಿಯವರು ಬಾಯಿ ಬಿಡಲ್ಲ. ಉರ್ಸೆಲ್ ಬಾಯಿಗೆ ನಾನು ಕೇಕ್ ತುರುಕ್ತೀನಿ.”

“ಅವಳ ಬಾಯಿ ದೊಡ್ಡದು. ಒಂದು ಕೇಕ್ ಸಾಲಲ್ಲ.” ಗಂಡ ಸತ್ತ ಮೇಲೆ ಅವಳು ಮೊದಲ ಸಲ ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೇ ಕೋಪ ಬಂತು. ಎದ್ದು ಹಿಟ್ಟು ಕಲಸಿದಳು. ಯಂತ್ರ ಓಡುತ್ತಿತ್ತು, ಓವನ್ ಹಚ್ಚಿದಳು. ಕೂಗುವವರಿಲ್ಲದಿದ್ದರೂ ಕೈಗೆ ಅದೇ ರೂಢಿ.

ಕಚೇರಿಯಿಂದ ಬಂದಾಕೆ ಫ್ರೌ ಡೀಕ್ಮನ್, ಅಂದರೆ ಶ್ರೀಮತಿ ಡೀಕ್ಮನ್. ನಡುವಯಸ್ಸು, ಬೂದು ಕೋಟು, ಮೆದು ಮಾತು. ಬೂಟು ಬಾಗಿಲಲ್ಲೇ ಬಿಚ್ಚಿದಳು. ನೆಲಮಾಳಿಗೆಗೆ ಇಳಿದು ಮೀಟರ್ ನೋಡಿದಳು, ಮುದ್ರೆ ನೋಡಿದಳು, ಎಂಜಿನ್ನಿನ ಮೇಲೆ ಬೆರಳಾಡಿಸಿದಳು. ಬೆರಳಿಗೆ ಧೂಳು ಹತ್ತಲಿಲ್ಲ.

“ಎಷ್ಟು ಚೆನ್ನಾಗಿ ಇಟ್ಟಿದಾರೆ! ನಿಮ್ಮ ಯಜಮಾನ್ರು ನಿಯಮ ಅಂದ್ರೆ ನಿಯಮ ಅನ್ನೋರು ಅನಿಸುತ್ತೆ.”

“ಹೌದು. ಮಿಕ್ಕಿದ್ದೆಲ್ಲ ಆಮೇಲೆ.”

ಮೇಲೆ ಬಂದು ಕೂತರು. ಗೆರ್ಲಿಂಡೆ ಕಾಫಿ ಬಗ್ಗಿಸಿದಳು. ಫ್ರೌ ಡೀಕ್ಮನ್ ಕೇಕ್ ತಿಂದು ಹೊಗಳಿದಳು, ಲೋಥಾರ್ ಬ್ರಾಂಡೆಸ್ ಎಂದು ಹೆಸರಿದ್ದ ಕಾಗದ ಬಿಚ್ಚಿದಳು.

“ಫ್ರೌ ಬ್ರಾಂಡೆಸ್, ಎಲ್ಲ ಸರಿ ಇದೆ. ಜನವರಿಯಲ್ಲಿ ಮಾತ್ರ ಬೇರೆ ವರ್ಷಗಳಿಗಿಂತ ತುಂಬಾ ಓಡಿದೆಯಲ್ಲ. ಯಾಕೆ?”

“ಚಳಿ ಇತ್ತು.”

“ಹೌದಪ್ಪ, ಏನು ಚಳಿ! ನಮ್ಮನೆ ನಲ್ಲಿನೇ ಹೆಪ್ಪುಗಟ್ಟಿತ್ತು.” ಬರೆದುಕೊಂಡಳು. ಕೆಲಸ ಮುಗಿದಂತೆಯೇ ಇತ್ತು. ಕೆಳಗಿನಿಂದ ಗುಂಯ್ ಕೇಳುತ್ತಿತ್ತು. ಗೆರ್ಲಿಂಡೆ ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಆ ಸದ್ದು ಕೇಳುತ್ತಾ ಕೂತಿದ್ದಳು. ಇದು ಇನ್ನು ನನ್ನದು ಎಂದುಕೊಂಡಳು.

ಫ್ರೌ ಡೀಕ್ಮನ್ ತಲೆ ಎತ್ತದೆಯೇ ಕೇಳಿದಳು. “ಕೊನೇದು, ಸುಮ್ನೆ ಬರೀಬೇಕಲ್ಲ ಅಂತ. ಕಿಟಕಿ ಎಲ್ಲ ಮುಚ್ಚಿತ್ತಾ?”

ಗೆರ್ಲಿಂಡೆ ಬಟ್ಟಲನ್ನು ಮೇಜಿನ ಮೇಲಿಟ್ಟಳು.

ಆ ಮಾತಿಗೆ ಒಂದು ಸಲ ಉತ್ತರ ಕೊಟ್ಟಾಗಿತ್ತು. ಕೈಯಲ್ಲಿ ಆಲೂಗಡ್ಡೆ ಇತ್ತು. ಮುಚ್ಚಿದೆ ಎಂದಿದ್ದಳು, ಅದು ನಿಜವಾಗಿತ್ತು, ಅದನ್ನು ತೆಗೆದುಕೊಂಡು ಅವನು ಹೋಗಿದ್ದ. ಈಗ ಅದೇ ಮಾತನ್ನು ಇನ್ನೊಬ್ಬಳ ಮುಂದೆ ಹೇಳಿದರೆ ಕಿಟಕಿ ತೆರೆದೇ ಇರಲಿಲ್ಲ ಎಂದಾಗುತ್ತದೆ. ಕಿಟಕಿ ತೆರೆಯದಿದ್ದರೆ ಅವನು ಎಲ್ಲಿಂದ ಹೋದ?

“ಫ್ರೌ ಬ್ರಾಂಡೆಸ್? ಮುಚ್ಚಿತ್ತು ಅಂತ ಬರೀಲಾ?”

“ಇಲ್ಲ. ತೆರೆದಿತ್ತು.”

“ಸ್ವಲ್ಪ ಹೊತ್ತು ಗಾಳಿಗೆ ತಾನೇ? ಅದನ್ನ ಎಲ್ಲರೂ ತೆರೀತಾರೆ.”

“ಸ್ವಲ್ಪ ಹೊತ್ತಲ್ಲ. ಅವನು ಸತ್ತ ಗಳಿಗೆಯಿಂದ ಮಣ್ಣಾದ ಮರುದಿನದವರೆಗೂ. ಪೂರ್ತಿ ತೆರೆದಿತ್ತು.”

ಫ್ರೌ ಡೀಕ್ಮನ್ ಪೆನ್ನು ಕೆಳಗಿಟ್ಟಳು. ಕಿಟಕಿಯ ಕಡೆ ನೋಡಿದಳು.

“ನಮ್ಮಮ್ಮ ಹೋದಾಗ ನಾವೂ ತೆರೆದ್ವಿ. ಆದ್ರೆ ಒಂದು ಗಳಿಗೆ.”

“ನಿಮ್ಮಮ್ಮ ಚುರುಕು ಇದ್ದಿರಬೇಕು. ನನ್ನ ಗಂಡ ನಿಧಾನ.”

ಆಕೆ ನಗಲಿಲ್ಲ. ಕಾಗದದ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. “ನೀವು ಇದನ್ನ ಹೇಳಬಾರದಿತ್ತು” ಎಂದಳು. “ಹೇಳದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ. ಕೇಳಿಸಿಕೊಂಡ ಮೇಲೆ ನಾನು ಬರೀಲೇಬೇಕು.”

“ಬರೀರಿ.”

“ಬಿಸಿ ಹೊರಗೆ ಹೋಗಿದೆ. ಆ ದಿನಗಳಲ್ಲಿ ಮಾಡಿದ ಕರೆಂಟು ಲೆಕ್ಕಕ್ಕೆ ಬರಲ್ಲ. ನಿಯಮ ತಪ್ಪಿದ ಯಂತ್ರಾನ ಹೊಸ ಹೆಸರಿಗೆ ಮಾಡೋಕೆ ಆಗಲ್ಲ. ಸಾವು ಅಂತ ಕಾರಣ ಬರೆಯೋಕೆ ಇದರಲ್ಲಿ ಜಾಗ ಇಲ್ಲ, ಫ್ರೌ ಬ್ರಾಂಡೆಸ್. ನಾನು ಹುಡುಕಿದೆ, ನೋಡಿ. ಇಲ್ಲ.”

“ಇನ್ನೂ ಒಂದು ತುಂಡು ಕೇಕ್ ತಗೊಳ್ಳಿ.”

“ನಿಮಗೇನೂ ತೊಂದರೆ ಆಗಲ್ಲ. ಇನ್ನೊಂದು ಬರ್ನರ್ ಇದೆಯಲ್ಲ. ಮನೆ ಮೊದಲಿನಷ್ಟೇ ಬೆಚ್ಚಗಿರುತ್ತೆ.”

ಎಲ್ಲರೂ ಅದನ್ನೇ ಹೇಳಿದರು. ಬೆಚ್ಚಗಿರುತ್ತೆ. ಬೆಚ್ಚಗಿದ್ದರೆ ಸಾಕು ಎಂದು ಯಾರು ಹೇಳಿದ್ದು?

ವಿದ್ಯುತ್ ಕಂಪನಿಯಿಂದ ಒಬ್ಬ ಬಂದ. ನೆಲಮಾಳಿಗೆಗೆ ಇಳಿದು ಸ್ವಿಚ್ಚು ಕೆಳಗೆ ಎಳೆದ. ಗುಂಯ್ ಒಂದು ಸಲ ತಗ್ಗಿತು, ಎರಡು ಸಲ ಕೆಮ್ಮಿತು, ನಿಂತಿತು. ಅವನು ತಂತಿ ಸುತ್ತಿ ಇಕ್ಕಳದಿಂದ ಸೀಸದ ಮುದ್ರೆ ಒತ್ತಿದ. “ಆಯ್ತು ಮೇಡಂ” ಎಂದು ಹೋದ. ಲೋಥಾರ್ ಸಾಯುವಾಗ ಇದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಆ ಇನ್ನೊಂದು ಬರ್ನರಿನ ಹೊಗೆ ಅಳೆಯಲು ಹೆನ್ನಿಂಗ್ ಬಂದ. ಮುಖ ಊದಿಸಿಕೊಂಡಿದ್ದ.

“ಒಂದೇ ಒಂದು ಮಾತು ಹೇಳಿಕೊಟ್ಟಿದ್ದೆ.”

“ಹೇಳಿದೆ. ಅವರು ಇನ್ನೊಂದು ಕೇಳಿದ್ರು.”

“ಮುಚ್ಚಿತ್ತು ಅನ್ನೋಕೆ ಏನಾಗಿತ್ತು ನಿನಗೆ? ಲೋಥಾರ್ ಇದ್ದಿದ್ರೆ ತಲೆ ಚಚ್ಚಿಕೊಳ್ತಿದ್ದ.”

“ಅವನು ಇಲ್ಲವಲ್ಲ. ಅದನ್ನೇ ಹೇಳಿದ್ದು.”

ಹೆನ್ನಿಂಗ್‌ನ ಮುಖ ಇಳಿಯಿತು. ಏನು ಮಾಡಬೇಕೋ ತಿಳಿಯದೆ ಎದೆ ಚಾಚಿ ಹಿತ್ತಾಳೆ ಗುಂಡಿ ಮುಂದೆ ಹಿಡಿದ. “ತಗೋ, ತಿರುಗಿಸು.”

“ಗುಂಡಿ ಬಿಡು” ಎಂದಳು ಗೆರ್ಲಿಂಡೆ. “ಅಳತೆ ಹೇಳು.”

ಅವನು ಕೆಳಗೆ ಹೋದ. ಮೇಲೆ ಬಂದು, “ಅಳತೆ ಸರಿ ಇದೆ” ಎಂದ. ಕಾಫಿ ಕುಡಿಯದೆ ಹೋದ.

ಮರುದಿನ ಬೆಳಿಗ್ಗೆ ಅವಳು ಮೇಲಿನ ಕೋಣೆಯ ಕಿಟಕಿ ತೆರೆದು ಹಾಸಿಗೆ ಹೊದಿಕೆಯನ್ನು ಹೊರಹಾಕಿದಳು. ಅವಳದೂ, ಅವನದೂ. ಎದುರಿನಿಂದ ಉರ್ಸೆಲ್ ಕೂಗಿದಳು, “ಅಯ್ಯೋ, ಬಾಣಂತಿ ಹೊರಗೆ ಬಂತು!” ಕೂಗಿ ತುಟಿ ಕಚ್ಚಿಕೊಂಡಳು. ಗೆರ್ಲಿಂಡೆ ಕೈ ಎತ್ತಿದಳು. ಬಯ್ಯಲಿಲ್ಲ.

ಕೆಳಗೆ ಬಂದು ಇಸ್ತ್ರಿಪೆಟ್ಟಿಗೆ ಹಚ್ಚಿದಳು. ಈಗ ಯಾವ ಹೊತ್ತಿನಲ್ಲಾದರೂ ಹಚ್ಚಬಹುದು. ಕಾಯುತ್ತಾ ನಿಂತಳು. ಪೆಟ್ಟಿಗೆ ಕಾದಿತು. ಅವಳು ಇನ್ನೂ ನಿಂತೇ ಇದ್ದಳು, ಮೆಟ್ಟಿಲ ಕಡೆ ಕಿವಿ ಇಟ್ಟು. ಮನೆ ಬೆಚ್ಚಗಿತ್ತು. ಕೆಳಗಿನಿಂದ ಯಾರೂ ಕೂಗಲಿಲ್ಲ.

ಪ್ಲಗ್ ಕಿತ್ತು ಇಸ್ತ್ರಿಪೆಟ್ಟಿಗೆಯನ್ನು ಬೀರುವಿನೊಳಗಿಟ್ಟಳು. ಬಟ್ಟೆ ಸುಕ್ಕು ಸುಕ್ಕಾಗಿಯೇ ಉಳಿಯಿತು. ಹಾಸಿಗೆಯನ್ನು ಮಧ್ಯಾಹ್ನದೊಳಗೆ ಒಳಗೆ ತೆಗೆದುಕೊಳ್ಳಬೇಕು ಎಂಬುದು ಆ ಬೀದಿಯ ಪದ್ಧತಿ. ಅವಳು ತೆಗೆದುಕೊಳ್ಳಲಿಲ್ಲ. ಸಂಜೆ ಮಳೆ ಬಂತು. ಆಗಲೂ ತೆಗೆದುಕೊಳ್ಳಲಿಲ್ಲ.